ಹೊಳೆ, ಕೆರೆ, ಗದ್ದೆಯ ಆಮೆ ಹಿಡಿಯಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಆಮೆ ವಿಷಯ ಬಂದರೆ ಎರಡು ಬಗೆಯ ಜನ ಸಿಗುತ್ತಾರೆ. ಒಬ್ಬರು "ಮುಟ್ಟಿದರೆ ಜೈಲು ಮಾರಾಯ್ರೆ" ಎಂದು ಮಾತು ಮುಗಿಸುತ್ತಾರೆ. ಇನ್ನೊಬ್ಬರು "ಮೀನು ಹಿಡಿಯಬಹುದು, ಆಮೆ ಯಾಕೆ ಆಗುವುದಿಲ್ಲ? ಲೆಕ್ಕ ಇಟ್ಟು ಹಿಡಿದರಾಯಿತಲ್ಲ" ಎನ್ನುತ್ತಾರೆ. ಎರಡನೆಯವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅದಕ್ಕೆ ಯಾರೂ ಕೂತು ಉತ್ತರ ಹೇಳುವುದಿಲ್ಲ, ಅಷ್ಟೆ. ಇಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಕಡಲಾಮೆಯ ಕಥೆ ಬೇರೆ, ಅದು ಇಲ್ಲಿಲ್ಲ.

ಮೊದಲು ನೇರವಾಗಿ ಹೇಳಿ: ನಮ್ಮಲ್ಲಿ ಆಮೆ ಹಿಡಿದು ತಿನ್ನಬಹುದಾ?

ಇಲ್ಲ. ಮನೆಗೆ ಒಂದೇ ಒಂದು ಅಂತಾದರೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಬೋನಿಗೆ ಬೀಳಿಸುವುದು, ಹಾಗೆ ಮಾಡಲು ಪ್ರಯತ್ನಿಸುವುದು, ಸರೀಸೃಪಗಳ ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದು ಎಲ್ಲವೂ ಬೇಟೆಯೇ.

ನಮ್ಮ ಗದ್ದೆ, ಕೆರೆಗಳಲ್ಲಿ ಸಿಗುವ ಮೆದು ಚಿಪ್ಪಿನ ಆಮೆ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಮೊದಲು ಕನಿಷ್ಠ ದಂಡ 10,000 ರೂಪಾಯಿ ಇತ್ತು. 2022ರ ತಿದ್ದುಪಡಿ ಅದನ್ನು 25,000ಕ್ಕೆ ಏರಿಸಿತು, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. "ನಮ್ಮದೇ ಗದ್ದೆಯಲ್ಲಿ ಸಿಕ್ಕಿದ್ದು" ಎಂಬ ಮಾತು ನಡೆಯುವುದಿಲ್ಲ. ಗದ್ದೆ ನಿಮ್ಮದು, ಆದರೆ ಅದರಲ್ಲಿರುವ ಆಮೆ ನಿಮ್ಮದಲ್ಲ.

ನಮ್ಮ ಕಡೆ ಯಾವ ಯಾವ ಆಮೆ ಇದೆ? ನೋಡಿ ಗುರುತಿಸುವುದು ಹೇಗೆ?

ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಎರಡು.

ಒಂದು, ಈಗ ಹೇಳಿದ ಮೆದು ಚಿಪ್ಪಿನದ್ದು. ಬೆನ್ನು ಮುಟ್ಟಿದರೆ ಗಟ್ಟಿ ಹಲಗೆಯ ಹಾಗಿರುವುದಿಲ್ಲ, ಮೇಲೆ ಚರ್ಮ ಹೊದಿಸಿದ ಹಾಗಿರುತ್ತದೆ. ಮೂತಿ ಹಂದಿಯ ಮೂತಿಯಂತೆ ಮುಂದಕ್ಕೆ ಚಾಚಿರುತ್ತದೆ, ತುದಿಯಲ್ಲಿ ಎರಡು ಹೊಳ್ಳೆ. ಅಡಿ ಮೇಲು ಮಾಡಿ ನೋಡಿದರೆ ಹಿಂಗಾಲಿನ ಹತ್ತಿರ ಎರಡು ಮೆದುವಾದ ಮಡಿಕೆಗಳು ಕಾಣುತ್ತವೆ. ಹೆದರಿದಾಗ ಕಾಲು ಒಳಗೆ ಎಳೆದುಕೊಂಡು ಆ ಮಡಿಕೆಗಳನ್ನು ಮುಚ್ಚಿಬಿಡುತ್ತದೆ. ಕಾಲಿದ್ದ ಜಾಗವೇ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರಿನೊಳಗೆ ಇಳಿದು ಮಳೆ ಬರುವ ತನಕ ಸುಮ್ನೆ ಕೂತಿರುತ್ತದೆ. ಅದಕ್ಕೇ ಟಿಲ್ಲರ್ ಓಡಿಸುವಾಗ, ಕೆರೆಯ ಹೂಳು ತೆಗೆಯುವಾಗ ಇದ್ದಕ್ಕಿದ್ದಂತೆ ಎದ್ದು ಬರುವುದು.

ಇನ್ನೊಂದು ಕಪ್ಪು ಕೆರೆ ಆಮೆ. ಇದರ ಚಿಪ್ಪು ಗಟ್ಟಿ. ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು ಇರುತ್ತವೆ. ತೋಡಿನ ಬದಿ, ಮದಗ, ತೋಟದ ನೀರಿನ ಗುಂಡಿ ಇದಕ್ಕೆ ಸಾಕು.

ಘಟ್ಟದ ಬುಡಕ್ಕೆ ಹೋದರೆ ಬೇರೆಯವು ಸಿಗುತ್ತವೆ. ತಿರುವಾಂಕೂರು ಕಾಡಾಮೆ ಅಂತ ಒಂದಿದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಬೆತ್ತದಾಮೆ ಇನ್ನೊಂದು. ಈ ಬೆತ್ತದಾಮೆ ಹಲವು ದಶಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1982ರಲ್ಲಿ ಕೇರಳದ ಕಾಡಿನಲ್ಲಿ ಅದನ್ನು ಮತ್ತೆ ಹುಡುಕಿ ತೆಗೆದವರು ಜೆ. ವಿಜಯಾ. ಭಾರತದ ಮೊದಲ ಮಹಿಳಾ ಸರೀಸೃಪ ತಜ್ಞೆ ಅವರು. ಅದರ ವೈಜ್ಞಾನಿಕ ಹೆಸರಿನಲ್ಲಿ ಈಗ ಅವರ ಹೆಸರೇ ಇದೆ.

ಗಡಿ ದಾಟಿದರೆ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಮೀಟರಿಗಿಂತ ಉದ್ದ ಬೆಳೆಯಬಲ್ಲ ಕ್ಯಾಂಟರ್ ದೈತ್ಯ ಮೆದುಚಿಪ್ಪಿನ ಆಮೆ ಇದೆ. ಮಲಯಾಳದಲ್ಲಿ ಭೀಮನಾಮ ಎನ್ನುತ್ತಾರೆ. ಅಳಿವಿನ ಅಂಚಿಗೆ ಬಂದ ಪ್ರಾಣಿ ಅದು. ನಮ್ಮ ಸುಳ್ಯದ ಪಯಸ್ವಿನಿ ಹರಿದು ಸೇರುವುದು ಅದೇ ಹೊಳೆಗೆ ಎನ್ನುವುದು ನೆನಪಿರಲಿ.

ಮಳೆಗಾಲದಲ್ಲಿ ಟ್ರಾಲಿಂಗ್ ನಿಲ್ಲಿಸುತ್ತಾರಲ್ಲ. ಹಾಗೆಯೇ ಆಮೆಗೂ ಎರಡು ತಿಂಗಳು ರಜೆ ಕೊಟ್ಟು ಉಳಿದ ದಿನ ಹಿಡಿದರೆ ಏನು ತೊಂದರೆ?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ಮಲ್ಪೆಯಲ್ಲೋ ಬಂದರಿನಲ್ಲೋ ಕೆಲಸ ಮಾಡಿದವರಿಗೇ ಇದು ಹೊಳೆಯುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ. ಆ ಸಮಯದಲ್ಲಿ ಮೀನು ಮೊಟ್ಟೆಯಿಡುತ್ತದೆ, ಮರಿ ಬೆಳೆಯುತ್ತದೆ. ಆಗಸ್ಟ್‌ನಲ್ಲಿ ಬಲೆ ತುಂಬುತ್ತದೆ. ಹಾಗಾದರೆ ಆಮೆಗೂ ಅದೇ ಸೂತ್ರ ಸಾಲದೇ?

ಬೂತಾಯಿ (ಸಾರ್ಡೀನ್) ಮೀನನ್ನೇ ತೆಗೆದುಕೊಳ್ಳಿ. ಹುಟ್ಟಿ ಒಂದು ವರ್ಷದ ಹೊತ್ತಿಗೆ ಅದು ಮೊಟ್ಟೆಗೆ ಬರುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಹೆಚ್ಚೆಂದರೆ ಎರಡು, ಮೂರು ವರ್ಷ ಬದುಕುತ್ತದೆ. ನೀವು ಹಿಡಿಯದಿದ್ದರೂ ಬೇಗ ಸಾಯುವ ಮೀನು ಅದು. ಅದರ ಸಂಸಾರ ನಡೆಯುವುದೇ ಬೇಗ ಹುಟ್ಟು, ಬೇಗ ಸಾವು ಎಂಬ ಲೆಕ್ಕದಲ್ಲಿ. ಒಂದು ವರ್ಷ ಜಾಸ್ತಿ ಹಿಡಿದರೂ ಕಡಲು ಸರಿ ಇದ್ದರೆ ಕೆಲವು ವರ್ಷದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಆಮೆಯ ಲೆಕ್ಕ ತಿರುಗುಮುರುಗು. ಮೊಟ್ಟೆ ಕಡಿಮೆ. ನಮ್ಮ ಕಪ್ಪು ಕೆರೆ ಆಮೆ ಒಂದು ಸಲಕ್ಕೆ ಇಡುವುದು ಬೆರಳೆಣಿಕೆಯಷ್ಟು. ಮೆದು ಚಿಪ್ಪಿನದ್ದು ಸ್ವಲ್ಪ ಜಾಸ್ತಿ ಇಡುತ್ತದೆ, ಆದರೆ ಅದರ ಮೊಟ್ಟೆ ಒಡೆದು ಮರಿ ಹೊರಬರಲು ಒಂಬತ್ತು ತಿಂಗಳ ಹತ್ತಿರ ಬೇಕು. ಅಷ್ಟು ದಿನ ಮಣ್ಣಿನಡಿ ಇರುವ ಮೊಟ್ಟೆಯನ್ನು ಉಡ, ಮುಂಗುಸಿ, ನಾಯಿ, ಕಾಡುಹಂದಿ ಬಿಡುತ್ತವೆಯೇ? ಬದುಕಿದ ಮರಿಯನ್ನು ಕೊಕ್ಕರೆ, ಕಾಗೆ, ದೊಡ್ಡ ಮೀನು ತಿನ್ನುತ್ತವೆ. ಹೆಚ್ಚಿನವು ಮೊದಲ ವರ್ಷವೇ ಮುಗಿಯುತ್ತವೆ.

ಹಾಗಿದ್ದೂ ಆಮೆಗಳು ಕೋಟ್ಯಂತರ ವರ್ಷ ಬದುಕಿ ಬಂದದ್ದು ಒಂದೇ ಕಾರಣಕ್ಕೆ. ಒಮ್ಮೆ ದೊಡ್ಡದಾಗಿ ಚಿಪ್ಪು ಗಟ್ಟಿಯಾದರೆ ಅದನ್ನು ಕೊಲ್ಲುವವರು ಬಹಳ ಕಡಿಮೆ ಇದ್ದರು. ದೊಡ್ಡ ಹೆಣ್ಣು ದಶಕಗಟ್ಟಲೆ ಬದುಕಿ ವರ್ಷ ವರ್ಷ ಮೊಟ್ಟೆ ಇಡುತ್ತದೆ. ಅಷ್ಟೂ ವರ್ಷದ ಮೊಟ್ಟೆಗಳಲ್ಲಿ ಒಂದೆರಡು ಮರಿ ದೊಡ್ಡದಾದರೆ ಸಾಕು, ಸಂತತಿ ಉಳಿಯುತ್ತದೆ.

ಈಗ ನೀವು ಹತ್ತು ತಿಂಗಳು ಹಿಡಿಯುವುದಕ್ಕೆ ಬಿಟ್ಟರೆ ಜನ ಹಿಡಿಯುವುದು ಯಾವುದನ್ನು? ಮಾಂಸ ಇರುವ ದೊಡ್ಡದನ್ನೇ ಅಲ್ವಾ? ಜೂನ್‌ನಲ್ಲಿ ಬಿಟ್ಟ ಆ ಹೆಣ್ಣನ್ನು ಆಗಸ್ಟ್‌ನಲ್ಲಿ ಹಿಡಿದರೆ ಮುಂದಿನ ಹತ್ತಾರು ವರ್ಷದ ಮೊಟ್ಟೆಯೂ ಅದರ ಜೊತೆ ಹೋಯಿತು. ಎಳನೀರಿಗೆಂದು ತೆಂಗಿನ ಮರವನ್ನೇ ಕಡಿದ ಹಾಗೆ. ರಜೆ ಕೊಟ್ಟು ಪ್ರಯೋಜನ ಏನು?

ಸರಿ, ಹಾಗಾದರೆ ಗಾತ್ರದ ಮಿತಿ ಹಾಕಿ. ಸಣ್ಣದನ್ನು ಬಿಟ್ಟುಬಿಡಿ, ದೊಡ್ಡದನ್ನು ಮಾತ್ರ ಹಿಡಿಯಲಿ.

ಮರಿಮೀನು ಹಿಡಿಯಬೇಡಿ ಎನ್ನುವ ನಿಯಮ ಮೀನಿಗೆ ಸರಿ. ಆಮೆಗೆ ಅದನ್ನೇ ತಂದು ಹಾಕಿದರೆ ನಾವಾಗಿಯೇ ತಾಯಿ ಆಮೆಗಳತ್ತ ಬೆರಳು ತೋರಿಸಿದ ಹಾಗಾಗುತ್ತದೆ. ಅಮೆರಿಕದ ಕೆಲವು ರಾಜ್ಯಗಳು ಇದೇ ಕೆಲಸ ಮಾಡಿವೆ: ಚಿಪ್ಪು 11 ಇಂಚು ಅಥವಾ 12 ಇಂಚು ದಾಟಿದ ಕಚ್ಚಾಮೆಯನ್ನು (ಸ್ನ್ಯಾಪಿಂಗ್ ಟರ್ಟಲ್ ಎಂಬ ಅಲ್ಲಿಯ ದೊಡ್ಡ ಸಿಹಿನೀರಿನ ಆಮೆ) ಮಾತ್ರ ಹಿಡಿಯಬೇಕು ಎಂಬ ನಿಯಮ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಹೊಳೆಯಲ್ಲಿ ಮಾತ್ರ ಮೊಟ್ಟೆ ಇಡುವವೇ ಖಾಲಿಯಾಗುತ್ತವೆ.

ತಿರುಗಿಸಿ ಹಾಕಬಹುದು: ಇಷ್ಟಕ್ಕಿಂತ ದೊಡ್ಡದನ್ನು ಮುಟ್ಟಬೇಡಿ, ನಡುವಿನ ಗಾತ್ರದ್ದನ್ನು ಮಾತ್ರ ಹಿಡಿಯಿರಿ ಅಂತ. ಲೆಕ್ಕದ ಪ್ರಕಾರ ಅದು ವಾಸಿ. ಆದರೆ ರಾತ್ರಿ ಹೊತ್ತು ಟಾರ್ಚ್ ಹಿಡಿದು ತೋಡಿಗೆ ಇಳಿದವರು ದೊಡ್ಡದು ಸಿಕ್ಕಿದಾಗ ಅಳೆದು ನೋಡಿ ವಾಪಸ್ ಬಿಡುತ್ತಾರೆ ಎಂದು ನನಗಂತೂ ಅನ್ನಿಸುವುದಿಲ್ಲ.

ಇದೆಲ್ಲ ಊಹೆಯಾ, ಯಾರಾದರೂ ಎಣಿಸಿ ನೋಡಿದ್ದಾರಾ?

ಎಣಿಸಿದ್ದಾರೆ. ನಮ್ಮ ಆಮೆಗಳನ್ನಲ್ಲ, ಉತ್ತರ ಅಮೆರಿಕದ ಕಚ್ಚಾಮೆಗಳನ್ನು. ಮಿಷಿಗನ್ ರಾಜ್ಯದ ಒಂದು ಸಂರಕ್ಷಿತ ಜಾಗದಲ್ಲಿ ಜಸ್ಟಿನ್ ಕಾಂಗ್ಡನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅದೇ ಆಮೆಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿದರು. ಗುರುತು ಹಾಕುವ ವಿಧಾನ ಸರಳ. ಚಿಪ್ಪಿನ ಅಂಚಿನ ಬಿಲ್ಲೆಗಳಲ್ಲಿ ಸಣ್ಣ ಕಚ್ಚು ಕೊರೆಯುತ್ತಾರೆ. ಯಾವ ಯಾವ ಬಿಲ್ಲೆಯಲ್ಲಿ ಕಚ್ಚು ಇದೆ ಎನ್ನುವುದರ ಮೇಲೆ ಅದರ ನಂಬರ್ ಗೊತ್ತಾಗುತ್ತದೆ. ಹತ್ತಾರು ವರ್ಷ ಅದು ಅಳಿಸುವುದಿಲ್ಲ.

1994ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ. 15 ವರ್ಷ ದಾಟಿದ ಆಮೆಗಳ ಸಾವು ವರ್ಷಕ್ಕೆ ಶೇಕಡಾ 10ರಷ್ಟು ಹೆಚ್ಚಾದರೆ, 20 ವರ್ಷದೊಳಗೆ ದೊಡ್ಡ ಆಮೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ನೂರರಲ್ಲಿ ಹತ್ತು ಎಂದರೆ ಹಿಡಿಯುವವರ ಕಣ್ಣಿಗೆ ಅದು ಜಾಸ್ತಿಯೇ ಅಲ್ಲ. "ಇನ್ನೂ ತೊಂಬತ್ತು ಇದೆಯಲ್ಲ" ಎಂದೇ ಅನ್ನಿಸುತ್ತದೆ.

ಕೆನಡಾದ ಅಲ್ಗಾಂಕ್ವಿನ್ ಉದ್ಯಾನದ ಕಥೆ ಇನ್ನೂ ಕಠಿಣ. ಅಲ್ಲಿಯ ಚಳಿಗೆ ಕಚ್ಚಾಮೆ ಮೊಟ್ಟೆಗೆ ಬರಲು 17ರಿಂದ 19 ವರ್ಷ ಬೇಕು. 1980ರ ದಶಕದ ಕೊನೆಯಲ್ಲಿ ಚಳಿಗಾಲದ ನಿದ್ದೆಯಲ್ಲಿದ್ದ ದೊಡ್ಡ ಆಮೆಗಳನ್ನು ನೀರುನಾಯಿಗಳು ತಿಂದುಹಾಕಿದವು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಶೋಧಕರು ಎಣಿಸುತ್ತಲೇ ಇದ್ದರು. ಅಲ್ಲಿ ಯಾರೂ ಬೇಟೆಯಾಡಿರಲಿಲ್ಲ. ಆದರೂ ಸಂಖ್ಯೆ ಮೊದಲಿನಷ್ಟು ಆಗಲೇ ಇಲ್ಲ.

ನಮ್ಮ ಬಿಸಿಲಿಗೆ ನಮ್ಮ ಆಮೆಗಳು ಅಷ್ಟು ನಿಧಾನ ಬೆಳೆಯುವುದಿಲ್ಲ. ಮೆದು ಚಿಪ್ಪಿನದ್ದು ಅವುಗಳಿಗಿಂತ ಬೇಗ ದೊಡ್ಡದಾಗುತ್ತದೆ. ಹಾಗಾಗಿ ಆ ಅಂಕಿಯನ್ನು ಹಾಗೇ ತಂದು ಇಲ್ಲಿಗೆ ಅಂಟಿಸುವುದು ಸರಿಯಲ್ಲ. ಆದರೆ ದೊಡ್ಡವು ಉಳಿದರೆ ಮಾತ್ರ ಸಂತತಿ ಉಳಿಯುತ್ತದೆ ಎನ್ನುವ ಮಾತು ಎರಡೂ ಕಡೆ ಒಂದೇ.

ಬೇರೆ ದೇಶದಲ್ಲಿ ಲೈಸೆನ್ಸ್ ಕೊಟ್ಟು ಹಿಡಿಸುತ್ತಾರಲ್ಲ?

ಹಿಡಿಸುತ್ತಿದ್ದರು. ಈಗ ಒಂದೊಂದಾಗಿ ನಿಲ್ಲಿಸುತ್ತಿದ್ದಾರೆ. ಮೇರಿಲ್ಯಾಂಡ್ 2007ರಲ್ಲಿ ಅಳಿವೆಯ ಉಪ್ಪುನೀರಿನ ಟೆರಪಿನ್ ಆಮೆಯ ವ್ಯಾಪಾರಿ ಬೇಟೆ ನಿಲ್ಲಿಸಿತು. ಒಂದು ಕಾಲದಲ್ಲಿ ಆ ಆಮೆಯ ಸೂಪ್ ಅಲ್ಲಿ ಶ್ರೀಮಂತರ ಊಟ. ಫ್ಲಾರಿಡಾ 2009ರಲ್ಲಿ ಕಾಡು ಆಮೆಯ ವ್ಯಾಪಾರಿ ಬೇಟೆ ನಿಲ್ಲಿಸಿತು. ಮನೆ ಬಳಕೆಗೆ ಕೆಲವು ಜಾತಿಗಳಲ್ಲಿ ದಿನಕ್ಕೆ ಒಂದು, ಮೆದು ಚಿಪ್ಪಿನದ್ದಕ್ಕೆ ಮೇನಿಂದ ಜುಲೈವರೆಗೆ ಪೂರ್ತಿ ಬಿಡುವು, ಮೊಟ್ಟೆ ಮುಟ್ಟುವಂತಿಲ್ಲ. ಕೆನಡಾದ ಒಂಟಾರಿಯೊ 2017ರಲ್ಲಿ ಕಚ್ಚಾಮೆ ಬೇಟೆ ಮುಚ್ಚಿತು. ಟೆಕ್ಸಾಸ್ ಮೊದಲು ಸರ್ಕಾರಿ ನೀರಿನಲ್ಲಿ ಮಾತ್ರ ಬೇಡ ಎಂದಿತು, 2018ರಲ್ಲಿ ಖಾಸಗಿ ಕೆರೆಯಲ್ಲೂ ವ್ಯಾಪಾರಕ್ಕೆ ಹಿಡಿಯುವುದು ಬೇಡ ಎಂದಿತು.

ಟೆಕ್ಸಾಸ್‌ನ ಮೊದಲ ನಿಯಮ ನೋಡಿದರೆ ನಗು ಬರುತ್ತದೆ. ಸಿಕ್ಕಿದ ಆಮೆ ಹೊಳೆಯದ್ದಾ, ಯಾರದೋ ತೋಟದ ಕೆರೆಯದ್ದಾ ಎಂದು ಅದರ ಬೆನ್ನ ಮೇಲೆ ಬರೆದಿರುತ್ತದೆಯೇ? ಅರ್ಧ ನಿಯಮದ ಪಾಡು ಅಷ್ಟೇ.

ಈ ರಾಜ್ಯಗಳಿಗೆ ಇದ್ದಕ್ಕಿದ್ದಂತೆ ಎಚ್ಚರ ಬಂದದ್ದು ಯಾಕೆ ಅಂದರೆ ಚೀನಾದ ಬೇಡಿಕೆ. ಏಷ್ಯಾದ ಹೊಳೆಗಳು ಬರಿದಾದ ಮೇಲೆ ಖರೀದಿದಾರರು ಕಡಲಾಚೆ ಹೋದರು. ಊರಿನವರು ಊಟಕ್ಕೆ ಒಂದೆರಡು ಹಿಡಿಯುವಾಗ ತಡೆದುಕೊಂಡಿದ್ದ ಹೊಳೆ, ವಿಮಾನದಲ್ಲಿ ಹೋಗುವ ಸರಕಿಗೆ ತಡೆಯುವುದಿಲ್ಲ.

ಎಲ್ಲೂ ಸರಿಯಾಗಿ ನಡೆದದ್ದೇ ಇಲ್ಲವಾ?

ಇದೆ. ಪೆರು ದೇಶದ ಪಕಾಯಾ ಸಮಿರಿಯಾ ಎಂಬಲ್ಲಿ, ಅಮೆಜಾನ್ ಕಾಡಿನೊಳಗೆ, ಹೊಳೆ ಬದಿಯ ಊರಿನವರು ತಾರಿಕಾಯಾ ಎಂಬ ಆಮೆಯ ಮೊಟ್ಟೆಗಳನ್ನು ಮರಳ ದಿಬ್ಬದಿಂದ ತಂದು ಬೇಲಿ ಹಾಕಿದ ಜಾಗದಲ್ಲಿ ಹೂಳುತ್ತಾರೆ. ಬಹಳ ಮರಿಗಳನ್ನು ಹೊಳೆಗೆ ಬಿಡುತ್ತಾರೆ. ಒಂದು ಪಾಲನ್ನು ಸರ್ಕಾರದ ಮಿತಿಯೊಳಗೆ ಮಾರುತ್ತಾರೆ. ದೊಡ್ಡ ಆಮೆಯನ್ನು ಮುಟ್ಟುವುದಿಲ್ಲ.

ಗಮನಿಸಿ, ಅವರು ತೆಗೆಯುವುದು ಹೇಗೂ ಹೆಚ್ಚಿನ ಪಾಲು ಸಾಯುತ್ತಿದ್ದ ಮೊಟ್ಟೆ, ಮರಿಗಳನ್ನು. ಕಾಯುವವರೂ ಅವರೇ, ಲಾಭ ಪಡೆಯುವವರೂ ಅವರೇ. ಬ್ರೆಜಿಲ್‌ನ ಜುರುವಾ ನದಿಯಲ್ಲೂ ಊರಿನವರು ಸರದಿಯಲ್ಲಿ ಮರಳ ದಿಬ್ಬ ಕಾಯುತ್ತಾರೆ. ಕಾದ ದಿಬ್ಬಕ್ಕೂ ಕಾಯದ ದಿಬ್ಬಕ್ಕೂ ಇರುವ ವ್ಯತ್ಯಾಸ ದೊಡ್ಡದು.

ಇದು ನಮ್ಮಲ್ಲಿ ಆಗಬಹುದೇ? ಅಮೆಜಾನ್‌ನ ಆ ಆಮೆಗಳು ಹೆಚ್ಚಾಗಿ ಹೊಳೆಯ ಮರಳ ದಿಬ್ಬಗಳಿಗೇ ಬಂದು ಮೊಟ್ಟೆ ಇಡುತ್ತವೆ. ಕಾಯುವುದು ಸುಲಭ. ನಮ್ಮವು ಗದ್ದೆ ಬದು, ತೋಟದ ಮೂಲೆ ಅಂತ ಎಲ್ಲೆಂದರಲ್ಲಿ ಒಂಟಿಯಾಗಿ ಇಡುತ್ತವೆ. ಅದನ್ನು ಯಾರು ಹುಡುಕುತ್ತಾರೆ?

ಕೋಳಿ ಫಾರ್ಮ್, ಸೀಗಡಿ ಕೆರೆ ಮಾಡಿದ ಹಾಗೆ ಆಮೆ ಸಾಕಿದರೆ?

ಭಾರತದಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಗಳನ್ನು ವ್ಯಾಪಾರಕ್ಕೆ ಸಾಕುವಂತಿಲ್ಲ. ಚೀನಾದಲ್ಲಿ ಮಾಡಿದ್ದಾರೆ. ಅಲ್ಲಿನ ಫಾರ್ಮ್‌ಗಳು ವರ್ಷಕ್ಕೆ 30 ಕೋಟಿಗೂ ಹೆಚ್ಚು ಆಮೆ ಮಾರುತ್ತವೆ ಎಂದು 2008ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿತ್ತು. ಹಾಗಾದರೆ ಕಾಡಿನ ಆಮೆ ಉಳಿಯಬೇಕಿತ್ತಲ್ಲ? ಉಳಿಯಲಿಲ್ಲ. ಫಾರ್ಮಿನವರಿಗೆ ಹೊಸ ತಳಿಗೆಂದು ಕಾಡಿನ ಹೆಣ್ಣು ಬೇಕು. ತಿನ್ನುವವರಿಗೆ ಕಾಡಿನದ್ದೇ ರುಚಿ, ಅದರಲ್ಲೇ ಶಕ್ತಿ ಎಂಬ ನಂಬಿಕೆ. ಊರಕೋಳಿಗೆ ಬ್ರಾಯ್ಲರ್‌ಗಿಂತ ಯಾಕೆ ದುಡ್ಡು ಜಾಸ್ತಿ ಕೊಡುತ್ತೀರಿ ಎಂದು ಯೋಚಿಸಿದರೆ ಗೊತ್ತಾಗುತ್ತದೆ.

ಮುಂದೆ ಎಂದಾದರೂ ಇಲ್ಲಿ ಮಿತಿ ಹಾಕಿ ಹಿಡಿಯಲು ಬಿಡುವುದಾದರೆ ಏನೇನು ಬೇಕು?

ಮೊದಲು ಕಾಯ್ದೆಯ ಪಟ್ಟಿ ಬದಲಾಗಬೇಕು, ಅದು ದೆಹಲಿಯ ಕೆಲಸ. ಅದಕ್ಕಿಂತ ಮೊದಲು ಎಷ್ಟಿದೆ ಎನ್ನುವುದು ಗೊತ್ತಾಗಬೇಕು. ಸ್ವರ್ಣಾ, ಸೀತಾ, ಶಾಂಭವಿ, ನೇತ್ರಾವತಿ, ಒಂದೊಂದು ಹೊಳೆಗೂ ಬೇರೆ ಬೇರೆ ಎಣಿಕೆ. ಒಂದು ವರ್ಷದ್ದಲ್ಲ, ಒಂದು ತಲೆಮಾರಿನದ್ದು. ಆಮೇಲೆ ಹೊಳೆಗೆ ಇಷ್ಟೇ ಎಂಬ ಮಿತಿ, ಹಿಡಿದದ್ದನ್ನು ನೋಡಿ ಬರೆದುಕೊಳ್ಳುವ ಒಬ್ಬ ಮನುಷ್ಯ, ಮಿತಿ ಮುಗಿದ ದಿನವೇ ನಿಲ್ಲಿಸುವ ಅಧಿಕಾರ. ಹೊರದೇಶಕ್ಕೆ ಹೋಗುವುದಾದರೆ ಸೈಟಿಸ್ (ಅಪಾಯದಲ್ಲಿರುವ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಪ್ರಕಾರ ಇದರಿಂದ ಜಾತಿಗೆ ಹಾನಿಯಿಲ್ಲ ಎಂದು ಸರ್ಕಾರವೇ ಪರಿಶೀಲಿಸಿ ಬರೆದು ಕೊಡಬೇಕು.

ಕಪ್ಪೆಯ ಅನುಭವ ನಮ್ಮ ಮುಂದಿದೆ. ಭಾರತದಿಂದ ಕಪ್ಪೆಯ ಕಾಲು ಹೊರದೇಶಕ್ಕೆ ಹೋಗುತ್ತಿತ್ತು. ಕೊನೆಗೆ 1987ರಲ್ಲಿ ರಫ್ತು ನಿಷೇಧಿಸಬೇಕಾಯಿತು. ಒಂದು ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುವ ಕಪ್ಪೆಗೇ ಸರಿಯಾದ ಮಿತಿ ಹಾಕಲು ನಮ್ಮಿಂದ ಆಗಲಿಲ್ಲ. ಆಮೆಗೆ ಆಗುತ್ತದೆ ಎಂದು ನಾನಂತೂ ನಂಬುವುದಿಲ್ಲ.

ಕದ್ದು ಮಾರುವುದು ನಿಜವಾಗಿ ಅಷ್ಟೊಂದು ಇದೆಯಾ?

ಇದೆ, ನಮ್ಮಲ್ಲಿಗಿಂತ ಗಂಗಾ ಬಯಲಿನಲ್ಲಿ ಜಾಸ್ತಿ. ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 2016ರ ಡಿಸೆಂಬರ್ ಮತ್ತು 2017ರ ಜನವರಿಯಲ್ಲಿ ನಡೆಸಿದ ಆಪರೇಷನ್ ಸೇವ್ ಕೂರ್ಮದಲ್ಲಿ 15,739 ಜೀವಂತ ಆಮೆ ಸಿಕ್ಕಿದವು. ಎರಡೇ ತಿಂಗಳಲ್ಲಿ.

ನಮ್ಮಜ್ಜನ ಕಾಲದಲ್ಲಿ ತಿನ್ನುತ್ತಿದ್ದರು, ಆಗ ಕಡಿಮೆಯಾಗಲಿಲ್ಲ. ಈಗ ಬಡವರ ಬಾಯಿಗೆ ಮಾತ್ರ ಯಾಕೆ ಬೀಗ?

ಈ ಸಿಟ್ಟು ನ್ಯಾಯವಾದದ್ದು. ಆಮೆ ಕಡಿಮೆಯಾದದ್ದು ಬರೀ ತಿನ್ನುವವರಿಂದ ಅಲ್ಲ. ಗದ್ದೆ ಹಡಿಲು ಬಿತ್ತು, ಆಮೇಲೆ ಮಣ್ಣು ತುಂಬಿಸಿ ಸೈಟ್ ಆಯಿತು. ಮದಗ ಮುಚ್ಚಿತು. ತೋಡಿನ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಬಂತು, ಮೊಟ್ಟೆ ಇಡಲು ಮೇಲೆ ಹತ್ತುವ ಹಾಗಿಲ್ಲ. ಹೊಳೆಯ ಮರಳ ದಿಬ್ಬ ಲಾರಿ ಹತ್ತಿತು. ತೋಟೆ ಸಿಡಿಸಿ ಮೀನು ಹಿಡಿಯುವವರು ಗುಂಡಿಯಲ್ಲಿದ್ದ ಎಲ್ಲವನ್ನೂ ಒಟ್ಟಿಗೆ ಕೊಂದರು. ಹೆದ್ದಾರಿ 66 ಅಗಲವಾಯಿತು. ನಡುವಿನ ಕಾಂಕ್ರೀಟ್ ಡಿವೈಡರ್ ಹತ್ತಲಾಗದೆ ಆಮೆ ಅದರ ಬುಡದಲ್ಲೇ ಉದ್ದಕ್ಕೆ ನಡೆಯುತ್ತದೆ, ಹಿಂದಿನಿಂದ ಬಸ್ಸು ಬರುತ್ತದೆ. ಮೊಟ್ಟೆ ಇಡಲು ನೀರು ಬಿಟ್ಟು ನಡೆಯುವುದು ಹೆಣ್ಣು, ಹಾಗಾಗಿ ರಸ್ತೆಯಲ್ಲಿ ಸಾಯುವುದರಲ್ಲೂ ಹೆಣ್ಣಿನ ಪಾಲು ದೊಡ್ಡದು.

ಅಜ್ಜನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಆಗ ಒಂದೆರಡು ಹೋದರೆ ಹೊಳೆ ತಡೆದುಕೊಳ್ಳುತ್ತಿತ್ತು. ಈಗ ಉಳಿದದ್ದೇ ಕಡಿಮೆ. ಆದರೆ ಒಂದು ಆಮೆ ಹಿಡಿದವನ ಮೇಲೆ ಕೇಸು ಹಾಕಿ, ಮದಗ ಮುಚ್ಚಿದವನಿಗೆ ಲೈಸೆನ್ಸ್ ಕೊಡುವುದು ನನಗೂ ಸರಿ ಕಾಣುವುದಿಲ್ಲ.

ಆಮೆ ಮಾಂಸ ಮೂಲವ್ಯಾಧಿಗೆ ಒಳ್ಳೆಯದಂತೆ?

ಅದಕ್ಕೆ ಆಧಾರ ಇಲ್ಲ. ಡಾಕ್ಟರ ಹತ್ತಿರ ಹೋಗಿ.

ಉಬರ್ ಮೀನು ಹಿಡಿಯಲು ಹೋದಾಗ ಆಮೆ ಸಿಕ್ಕಿದರೆ ಏನು ಮಾಡಬೇಕು?

ಮೊದಲ ಮಳೆಗೆ ಮೀನು ಗದ್ದೆಗೆ ಹತ್ತುವಾಗ ಆಮೆಯೂ ಹೊರಬರುತ್ತದೆ. ಕುಂದಾಪುರದ ಕಡೆಯವರು ಹತ್ತುಮೀನು ಎನ್ನುವುದೂ ಇದನ್ನೇ. ಟಾರ್ಚ್ ಬೆಳಕಿನಲ್ಲಿ ಕತ್ತಿ ಬೀಸುವ ಮೊದಲು ಒಂದು ಕ್ಷಣ ನೋಡಿ. ಆಮೆಯಾದರೆ ಹಾಗೇ ಬಿಡಿ. ಎತ್ತಲೇಬೇಕಾದರೆ ಚಿಪ್ಪಿನ ಹಿಂಭಾಗ ಎರಡೂ ಕೈಯಲ್ಲಿ ಹಿಡಿಯಿರಿ. ಮೆದು ಚಿಪ್ಪಿನದ್ದರ ಕುತ್ತಿಗೆ ನೀವು ಎಣಿಸಿದ್ದಕ್ಕಿಂತ ಉದ್ದ, ತಿರುಗಿ ಕಚ್ಚುತ್ತದೆ. ಬಾಲ ಹಿಡಿದು ನೇತಾಡಿಸಬೇಡಿ. ಸಿಕ್ಕಿದ ಜಾಗದ ಹತ್ತಿರವೇ ನೀರಿಗೆ ಬಿಡಿ, ಬೇರೆ ಊರಿನ ಕೆರೆಗೆ ಒಯ್ಯುವುದು ಬೇಡ.

ರಾತ್ರಿ ಕಟ್ಟಿಟ್ಟು ಬೆಳಿಗ್ಗೆ ಎತ್ತುವ ಬಲೆ, ಕೂಳಿಗಳ (ಮೀನು ಹಿಡಿಯುವ ಬುಟ್ಟಿ) ವಿಷಯ ಬೇರೆ. ಆಮೆ ಉಸಿರಾಡಲು ಮೇಲೆ ಬರಲೇಬೇಕು. ಪೂರ್ತಿ ಮುಳುಗಿದ ಕೂಳಿಯೊಳಗೆ ಸಿಕ್ಕಿದರೆ ಉಸಿರುಕಟ್ಟಿ ಸಾಯುತ್ತದೆ. ಕೂಳಿಯ ಮೇಲ್ಭಾಗ ಸ್ವಲ್ಪ ನೀರಿನ ಮೇಲಿರುವಂತೆ ಇಟ್ಟರೆ ಅದು ಬದುಕುತ್ತದೆ, ನಿಮ್ಮ ಮೀನಿಗೆ ಏನೂ ನಷ್ಟವಿಲ್ಲ. ಅಮೆರಿಕದಲ್ಲಿ ಏಡಿ ಬೋನಿನ ಬಾಯಿಗೆ ಒಂದು ಸಣ್ಣ ಚೌಕಟ್ಟು ಕೂರಿಸುತ್ತಾರೆ. ಏಡಿ ಒಳಗೆ ಹೋಗುತ್ತದೆ, ದೊಡ್ಡ ಆಮೆ ಹೋಗುವುದಿಲ್ಲ. ನಮ್ಮ ಅಳಿವೆಗಳಲ್ಲೂ ಮಾಡಿ ನೋಡಬಹುದಾದ ಕೆಲಸ.

ನಮ್ಮ ಬಾವಿಯಲ್ಲಿ ಆಮೆ ಇದೆ. ನೀರು ಚೊಕ್ಕ ಮಾಡುತ್ತದೆ ಎಂದು ಹಿರಿಯರು ಬಿಟ್ಟದ್ದು. ಇರಲಿಯಾ?

ಬಾವಿಯಲ್ಲಿ ಆಮೆ ವರ್ಷಗಟ್ಟಲೆ ಬದುಕುವುದು ನಿಜ. ಆದರೆ ಅಲ್ಲಿಂದ ಅದು ಮೇಲೆ ಬರುವ ಹಾಗಿಲ್ಲ. ಹೆಣ್ಣಾದರೆ ಮೊಟ್ಟೆ ಇಡಲು ಮಣ್ಣೇ ಇಲ್ಲ. ಹೊಳೆಯ ಲೆಕ್ಕದಲ್ಲಿ ಅದು ಬದುಕಿದ್ದೂ ಇಲ್ಲದ ಹಾಗೆ. ಅದರ ಹೇಲು ಉಚ್ಚೆಯೆಲ್ಲ ನೀವು ಕುಡಿಯುವ ನೀರಿಗೇ ಸೇರುತ್ತದೆ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ ತಾನೇ? ಹೊಸದಾಗಿ ಬಿಡಬೇಡಿ. ಇರುವುದನ್ನು ಮೇಲೆತ್ತಲು ಅರಣ್ಯ ಇಲಾಖೆಗೆ ತಿಳಿಸಿ.

ಅಕ್ವೇರಿಯಂ ಅಂಗಡಿಯ ಹಸಿರು ಮರಿ ಆಮೆ ಸಾಕಬಹುದಾ? ದೊಡ್ಡದಾದ ಮೇಲೆ ದೇವಸ್ಥಾನದ ಕೆರೆಗೆ ಬಿಟ್ಟರೆ ಆಯಿತಲ್ಲ?

ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಅದು ಅಮೆರಿಕದ್ದು. ಅಂಗಡಿಯಲ್ಲಿ ಬಿಸ್ಕತ್ತಿನಷ್ಟಿರುತ್ತದೆ. ಬೆಳೆದಾಗ ಊಟದ ತಟ್ಟೆಯಷ್ಟು, ಆಯುಷ್ಯ ಮೂವತ್ತು ವರ್ಷ ದಾಟಬಹುದು. ಮಗು ಕಾಲೇಜು ಮುಗಿಸಿದರೂ ಆಮೆ ಮನೆಯಲ್ಲೇ ಇರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ 100 ಅನ್ಯ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಯುರೋಪ್ ಒಕ್ಕೂಟ 1997ರಲ್ಲೇ ಅದರ ಆಮದು ನಿಲ್ಲಿಸಿತು. ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಸಣ್ಣ ಆಮೆ ಮಾರುವಂತಿಲ್ಲ. ಮಕ್ಕಳು ಬಾಯಿಗೆ ಹಾಕಿಕೊಂಡು ಸಾಲ್ಮೊನೆಲ್ಲಾ ಸೋಂಕು ತಂದುಕೊಳ್ಳುತ್ತಿದ್ದರು.

ದೇವಸ್ಥಾನದ ಕೆರೆಗೆ ಖಂಡಿತ ಬಿಡಬೇಡಿ. ಮಳೆಗಾಲದಲ್ಲಿ ಕೆರೆ ತುಂಬಿ ಹರಿದರೆ ಅದು ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ. ಊಟ, ಬಿಸಿಲು ಕಾಯುವ ಜಾಗ ಎಲ್ಲದಕ್ಕೂ ನಮ್ಮ ಆಮೆಯ ಜೊತೆ ಜಗಳ. ಸಾಕಲು ಆಗದಿದ್ದರೆ ಸಾಕುವ ಇನ್ನೊಬ್ಬರಿಗೆ ಕೊಡಿ.

ಪಂಚಾಯತ್ ಮಟ್ಟದಲ್ಲಿ ಏನಾದರೂ ಮಾಡಬಹುದಾ?

ಮಾಡಬಹುದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯ ದಾಖಲೆ ಪುಸ್ತಕವೂ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಯಾವ ಮದಗದಲ್ಲಿ ಆಮೆ ಇದೆ, ಯಾವ ಗದ್ದೆ ಬದುವಿನಲ್ಲಿ ಮೊಟ್ಟೆ ಇಡುತ್ತದೆ ಎಂದು ಅದರಲ್ಲಿ ಬರೆಸಿ. ನಾಳೆ ಆ ಮದಗ ಮುಚ್ಚಲು ಹೊರಟರೆ ಕೈಯಲ್ಲಿ ಒಂದು ದಾಖಲೆ ಇರುತ್ತದೆ.

ಹೂಳೆತ್ತುವ ಕಾಮಗಾರಿಗೆ ಜೆಸಿಬಿ ಇಳಿಸುವ ಮೊದಲು ಕೆಸರಿನಲ್ಲಿರುವ ಆಮೆಯನ್ನು ಹುಡುಕಿ ಬದಿಗೆ ಇಡುವ ವ್ಯವಸ್ಥೆ ಮಾಡಿಸಿ, ಅರಣ್ಯ ಇಲಾಖೆಯವರನ್ನು ಕರೆದು. ತೋಡಿಗೆ ಗೋಡೆ ಕಟ್ಟುವಾಗ ಅಲ್ಲಲ್ಲಿ ಇಳಿಜಾರು ಬಿಡಿಸಿ. ಅದರಿಂದ ದನಕರುಗಳಿಗೂ ಉಪಯೋಗ.

ಮೀನಿನ ವಿಷಯದಲ್ಲಿ ನಮ್ಮವರು ಇಂಥದ್ದನ್ನು ಮೊದಲೇ ಮಾಡಿದ್ದಾರೆ. ಶಿಶಿಲದಲ್ಲಿ ಕಪಿಲಾ ಹೊಳೆಯ ದೇವಸ್ಥಾನದ ಬಳಿ ಮೀನು ಹಿಡಿಯುವವರಿಲ್ಲ, ಅಲ್ಲಿ ಮೊಣಕಾಲುದ್ದದ ಪೆರುವೋಲು ಮೀನು ಓಡಾಡುತ್ತವೆ. ಚಂದ್ರಗಿರಿಯಲ್ಲಿ ಭೀಮನಾಮದ ಗೂಡು ಸಂಶೋಧಕರಿಗೆ ಸಿಕ್ಕಿದ್ದೂ ಹೊಳೆ ಬದಿಯ ಜನ ತಿಳಿಸಿದ್ದರಿಂದ.

ಯಾರಾದರೂ ಆಮೆ ಮಾರುತ್ತಿದ್ದರೆ ಯಾರಿಗೆ ಹೇಳುವುದು? ನಮ್ಮ ಹೆಸರು ಬರುತ್ತದಾ?

ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೇಳಿ. ನಂಬರ್ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ, ಅವರು ತಲುಪಿಸುತ್ತಾರೆ. ಹೆಸರು ಗುಟ್ಟಾಗಿಡಿ ಎಂದು ಮೊದಲೇ ಹೇಳಿ. ಜಾಗ, ಸಮಯ, ಗಾಡಿ ನಂಬರ್ ಇದ್ದರೆ ಸಾಕು. ನೀವೇ ಗಿರಾಕಿಯ ಹಾಗೆ ಹೋಗಿ ಕೊಂಡುಕೊಂಡು ಬಿಡುಗಡೆ ಮಾಡುವ ಸಾಹಸ ಬೇಡ. ದುಡ್ಡು ಕೊಟ್ಟರೆ ಮಾರುವವನು ನಾಳೆ ಇನ್ನೊಂದು ತರುತ್ತಾನೆ, ಮೇಲಾಗಿ ಕೈಯಲ್ಲಿ ಆಮೆ ಇದ್ದಾಗ ಪೊಲೀಸರು ಬಂದರೆ ಉತ್ತರ ಹೇಳಬೇಕಾದವರು ನೀವು. ಮಾರುತ್ತಿರುವ ವಿಡಿಯೊವನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಮೊದಲು ನೋಡುವವನು ಮಾರುವವನೇ ಆಗಿರುತ್ತಾನೆ.